ಒಂದು ಮಾಡು, ಎರಡು ಗ್ಯಾಪು

ಕಳೆದ ವರ್ಷ ಕಟಪಾಡಿಯ ನಮ್ಮ ಮನೆಯ ಮಾಡಿನಡಿ ಕಾಲೇಜಿಗೆ ಹೋಗದ ಇಬ್ಬರು ಮಕ್ಕಳಿದ್ದರು. ಇಬ್ಬರಿಗೂ ಹದಿನೆಂಟು ತುಂಬಿತ್ತು. ಒಬ್ಬಳು ಜರ್ಮನಿಯವಳು, ಅವಳು ಮಾಡುತ್ತಿದ್ದುದಕ್ಕೆ ಗ್ಯಾಪ್ ಇಯರ್ ಎಂದು ಹೆಸರು. ಇನ್ನೊಬ್ಬ ನನ್ನ ಮಗ. ಅವನು ಮಾಡುತ್ತಿದ್ದುದಕ್ಕೆ ನಮ್ಮಲ್ಲಿ ಲಾಂಗ್ ಟರ್ಮ್ ಎನ್ನುತ್ತಾರೆ. ಅಂದರೆ ನೀಟ್ ಪರೀಕ್ಷೆಯಲ್ಲಿ ಸಾಕಷ್ಟು ಅಂಕ ಬಾರದೆ, ಬರುವ ಮೇ ತಿಂಗಳಿನವರೆಗೆ ಅದೇ ಪುಸ್ತಕ ಮತ್ತೆ ಓದುವುದು. ಅವಳ ಗ್ಯಾಪಿನ ಖರ್ಚಿನ ಬಹುಪಾಲು ಅವಳ ದೇಶದ ಸರ್ಕಾರದ್ದು. ಇವನ ಗ್ಯಾಪಿಗಾಗಿ, ಬ್ಯಾಂಕಿನಲ್ಲಿ ಕೂತು ಊರಿಗೆಲ್ಲ ಸಾಲ ಕೊಡುವ ನಾನು ಇನ್ನೊಂದು ಬ್ಯಾಂಕಿನಲ್ಲಿ ಸಾಲ ಎತ್ತಿದ್ದೆ.

ಜರ್ಮನಿಯಲ್ಲಿ 2008ರಿಂದ ವೆಲ್ಟ್‌ವೆರ್ಟ್ಸ್ ಎಂಬ ಯೋಜನೆ ಉಂಟು. ಹದಿನೆಂಟರಿಂದ ಇಪ್ಪತ್ತೆಂಟರ ಒಳಗಿನವರು ಅದರಲ್ಲಿ ಹೊರದೇಶಕ್ಕೆ ಹೋಗಿ ಒಂದು ವರ್ಷದ ಮಟ್ಟಿಗೆ ಏನಾದರೂ ಸೇವೆ ಮಾಡಬಹುದು. ನಮ್ಮ ಅತಿಥಿಗೆ ಹತ್ತಿರದ ಒಂದು ಶಾಲೆಯಲ್ಲಿ ಕೆಲಸ, ನಮ್ಮ ಮನೆಯಲ್ಲಿ ವಾಸ. ಈ ಏರ್ಪಾಡು ಆದದ್ದು ನನಗೆ ತಿಳಿದದ್ದು ಮೇಲಿನ ಕೋಣೆಯಿಂದ ನನ್ನ ಹಳೇ ಕಡತಗಳನ್ನು ಹೊರಗೆ ಹಾಕುವಾಗ. "ಕೋಣೆ ಖಾಲಿ ಉಂಟಲ್ಲ, ಎಂತ ಆಗ್ತದೆ?" ಎಂದಳು ನನ್ನಾಕೆ. ಖಾಲಿ ಇರಲಿಲ್ಲ, ನಾನು ಮಧ್ಯಾಹ್ನ ಅಲ್ಲಿ ಮಲಗುತ್ತಿದ್ದೆ. ಆದರೆ ಜರ್ಮನಿಯವರು ಈ ಕರಾವಳಿಗೆ ಬರುವಾಗ ನಮ್ಮನ್ನು ಕೇಳಿ ಬಂದದ್ದು ಯಾವಾಗ? 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಇಳಿದಾಗಲೂ ನಮ್ಮ ಹಿರಿಯರಿಗೆ ಯಾರೂ ಹೇಳಿರಲಿಲ್ಲ. ಮೂವತ್ತೊಂದು ವರ್ಷ ಬಿಟ್ಟು ಅವರು ಹಂಚಿನ ಕಾರ್ಖಾನೆ ಇಟ್ಟರು. ಈ ಹುಡುಗಿ ಬಂದ ವಾರದಲ್ಲೇ ನಮ್ಮ ದಿನಚರಿಯ ಹಂಚು ತೆಗೆದಳು.

ಮೊದಲ ಊಟದಲ್ಲೇ ಗೊತ್ತಾಯಿತು, ಅವಳು ವೀಗನ್. ಮೀನಿಲ್ಲ, ಮೊಟ್ಟೆಯಿಲ್ಲ, ಹಾಲು, ಮೊಸರು, ತುಪ್ಪವೂ ಇಲ್ಲ. ನನ್ನ ಅಮ್ಮನಿಗೆ ಎಂಬತ್ತು ದಾಟಿದೆ, ತುಳು ಬಿಟ್ಟರೆ ಬೇರೆ ಭಾಷೆಯಲ್ಲಿ ಕೋಪ ಬರುವುದಿಲ್ಲ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಮಠದ ಸ್ವಾಮಿಗಳಾದರೂ ಚಾತುರ್ಮಾಸದಲ್ಲಿ ಒಂದು ತಿಂಗಳು ಮೊಸರು ಬಿಡುವುದು, ಇನ್ನೊಂದು ತಿಂಗಳು ಹಾಲು ಬಿಡುವುದು. ಈ ಬಾಲೆ ವರ್ಷಪೂರ್ತಿ ಎರಡನ್ನೂ ಬಿಟ್ಟಿದೆ" ಎಂದು ತೀರ್ಮಾನಿಸಿ ಅವಳನ್ನು ಭಕ್ತಿಯಿಂದ ನೋಡತೊಡಗಿದರು. ತೆಂಗಿನಕಾಯಿ ಮತ್ತು ಮಟ್ಟುಗುಳ್ಳ ಬದನೆಯ ದಯೆಯಿಂದ ಹುಡುಗಿ ಬದುಕಿದಳು. ಅವಳು ಮಾಡಿದ ಪುಣ್ಯಕ್ಕೆ ನಾವೂ ವಾರದಲ್ಲಿ ಐದು ದಿನ ಗುಳ್ಳದ ಹುಳಿ ತಿಂದೆವು. ಬೂತಾಯಿ ಮೀನು ತಿನ್ನಬೇಕೆಂದರೆ ನಾನು ತಂಗಿಯ ಮನೆಗೆ ಹೋಗಬೇಕಿತ್ತು.

ಇದೆಲ್ಲ ಸಹಿಸಬಹುದಿತ್ತು. ಕಷ್ಟವಾದದ್ದು ಅವಳ ಶನಿವಾರ ಭಾನುವಾರಗಳು.

ವಾರಾಂತ್ಯ ಎಂಬುದು ನಮ್ಮ ಮನೆಯಲ್ಲಿ ಪೂರ್ತಿ ಇಲ್ಲ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಉಳಿದ ಶನಿವಾರ ಪೂರ್ತಿ ದಿನ ಕೆಲಸ. ಹಾಗಾಗಿ ನನ್ನದು ಪಾಳಿಯ ವಾರಾಂತ್ಯ. ಅದನ್ನೂ ತೆಂಗಿನಕಾಯಿ ಕೊಯ್ಯುವವನಿಗೆ ಫೋನು ಮಾಡುವುದರಲ್ಲಿ, ಅವನು ಬರುವುದಿಲ್ಲ ಎಂದಾಗ ಮಲಗುವುದರಲ್ಲಿ ಕಳೆಯುತ್ತಿದ್ದೆ. ಮಗನಿಗೆ ಶನಿವಾರ ರಿವಿಜನ್, ಭಾನುವಾರ ಮಾಕ್ ಟೆಸ್ಟ್: 180 ಪ್ರಶ್ನೆ, 720 ಅಂಕ, ಸರಿಯಾದರೆ ನಾಲ್ಕು ಸಿಕ್ಕುತ್ತದೆ, ತಪ್ಪಾದರೆ ಒಂದು ಹೋಗುತ್ತದೆ. ನಡುವೆ ಈ ಹುಡುಗಿ ಶುಕ್ರವಾರ ರಾತ್ರಿ ಊಟದ ಮೇಜಿನ ಮೇಲೆ ಮ್ಯಾಪು ಹರಡಿ, "ನಾಳೆ ಎಲ್ಲಿಗೆ?" ಎಂದು ಕೇಳುತ್ತಿದ್ದಳು. ಆ ಪ್ರಶ್ನೆ ನಮ್ಮ ಮನೆಯಲ್ಲಿ ಅದುವರೆಗೆ ಯಾರಾದರೂ ಸತ್ತಾಗ ಮಾತ್ರ ಕೇಳಿಬರುತ್ತಿತ್ತು.

ನಾನೇ ಜೊತೆಗೆ ಹೋಗುತ್ತೇನೆ ಎಂದೆ. ಹೆಣ್ಣುಹುಡುಗಿ, ಹೊಸ ಊರು, ಒಬ್ಬಳನ್ನೇ ಹೇಗೆ ಕಳಿಸುವುದು?

"ಜರ್ಮನಿಯಿಂದ ಇಲ್ಲಿವರೆಗೆ ಒಬ್ಬಳೇ ಬಂದಿದ್ದಾಳೆ. ಇನ್ನು ಕಟಪಾಡಿಯಿಂದ ಕಾಪುವಿಗೆ ನೀವು ಬೇಕಾ?" ಎಂದಳು ನನ್ನಾಕೆ.

ಬೇಕಿತ್ತು. ಮಗನ ಕೋಣೆಯ ಬಾಗಿಲಿನ ಎದುರು ಪೇಪರು ಓದುವ ನೆಪದಲ್ಲಿ ಕಾವಲು ಕೂತು ನನಗೂ ಸಾಕಾಗಿತ್ತು. ಅವನಿಗೆ ಮಾತ್ರ ಬಾಗಿಲಲ್ಲಿ ನಿಂತು, "ಏಕಾಗ್ರತೆ ಮುಖ್ಯ ಮಗಾ" ಎಂದು ಹೇಳಿ ಕ್ಯಾಪು ಹಾಕಿಕೊಂಡು ಹೊರಟೆ.

ಕಾಪು ದೀಪಸ್ತಂಭ 1901ರದ್ದು, ಬಂಡೆಯ ಮೇಲೆ ನಿಂತಿದೆ, ಎತ್ತರ ಸುಮಾರು 27 ಮೀಟರ್. ನಾನು ಅದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಕೆಳಗಿನಿಂದ. ಅವಳು ಮೇಲೆ ಹತ್ತಿ ಕೈಬೀಸಿದಳು. ನಾನು ಒಳಗಿನ ಮೆಟ್ಟಿಲ ಸುತ್ತನ್ನು ನೋಡಿ, ಯಾರಾದರೊಬ್ಬರು ಬ್ಯಾಗು ನೋಡಿಕೊಳ್ಳಬೇಕಲ್ಲ ಎಂದು ಕೆಳಗೇ ನಿಂತೆ. ಬ್ಯಾಗು ಅವಳ ಬೆನ್ನಿನ ಮೇಲೇ ಇತ್ತು.

ಗೈಡಾಗಿ ನನ್ನ ಬಂಡವಾಳ ಕಡಿಮೆ ಎಂಬುದು ಬೇಗ ಬಯಲಾಯಿತು. "ಇದು ಯಾವ ಕಾಲದ್ದು?" ಎಂದು ಕೇಳಿದರೆ ನನ್ನ ಉತ್ತರ, "ತುಂಬಾ ಹಿಂದಿನದ್ದು." ಅದಕ್ಕಾಗಿ ಗುಟ್ಟಿನಲ್ಲಿ ಮಗನಿಗೆ ಮೆಸೇಜು ಮಾಡುವುದು ಶುರು ಮಾಡಿದೆ. ಅವನು ಕೋಣೆ ಬಿಟ್ಟು ಕದಲದೆ ಜಿಲ್ಲೆಯ ಚರಿತ್ರೆಯನ್ನೆಲ್ಲ ಓದಿಕೊಂಡಿದ್ದ. ಫಿಸಿಕ್ಸ್ ಓದಬೇಕಾದಾಗ ಮನುಷ್ಯನಿಗೆ ಎಂತೆಂಥ ವಿಷಯದಲ್ಲಿ ಆಸಕ್ತಿ ಹುಟ್ಟುತ್ತದೆ! ಸೈಂಟ್ ಮೇರೀಸ್ ದ್ವೀಪದ ಕಂಬಕಂಬದ ಕಲ್ಲುಗಳ ಬಗ್ಗೆ ಕೇಳಿದಾಗ ದೋಣಿ ದಡ ಮುಟ್ಟುವುದರೊಳಗೆ ಉತ್ತರ ಬಂತು: ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗುವಾಗ ಉಕ್ಕಿದ ಲಾವಾ, ಆಪ್ಶನ್ ಸಿ. ಉಳಿದ ಆಪ್ಶನ್ನುಗಳು ಯಾವುವು ಎಂದು ನಾನು ಕೇಳಲಿಲ್ಲ.

ಮಣಿಪಾಲದ ಹಸ್ತಶಿಲ್ಪಕ್ಕೆ ನನ್ನಾಕೆಯೂ ಬಂದಳು, ಅದೇ ತಪ್ಪಾಯಿತು. ವಿಜಯನಾಥ ಶೆಣೈ ಎಂಬ ಮಹಾನುಭಾವರು ಕೆಡವಲು ಹೊರಟ ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಕುಕನೂರಿನ ಕಮಲ ಮಹಲ್ ಉಂಟು, ಕಾರ್ಕಳದ ಹತ್ತಿರದ ಮಿಯಾರಿನ ಮನೆ ಉಂಟು. ಟಿಕೇಟು ಕೊಂಡು ಒಳಗೆ ಹೋದರೆ ಎಲ್ಲೆಲ್ಲೂ ಕೆತ್ತನೆಯ ಮರದ ಕಂಬ. ಹುಡುಗಿ ಒಂದೊಂದನ್ನೂ ಮುಟ್ಟಲಾಗದೆ ಕಣ್ಣಲ್ಲೇ ಸವರುತ್ತಿದ್ದಳು. ಮನೆ ರಿಪೇರಿ ಮಾಡಿಸುವಾಗ ನಾನು ಚಾವಡಿಯ ನಾಲ್ಕು ಹಲಸಿನ ಕಂಬಗಳನ್ನು ಗುಜರಿಯವನಿಗೆ ತೂಕಕ್ಕೆ ಕೊಟ್ಟು, ಆ ಜಾಗದಲ್ಲಿ ಸಿಮೆಂಟಿನ ಕಂಬ ನಿಲ್ಲಿಸಿ ಅದಕ್ಕೆ ಮರದ ಬಣ್ಣ ಹೊಡೆಸಿದ್ದೆ. ನನ್ನಾಕೆ ಏನೂ ಹೇಳಲಿಲ್ಲ. ಕಂಬ ನೋಡುವುದು, ನನ್ನನ್ನು ನೋಡುವುದು, ಮತ್ತೆ ಕಂಬ ನೋಡುವುದು. ಹೊರಗೆ ಬರುವವರೆಗೆ ಅಷ್ಟೇ ಮಾಡಿದಳು.

ಅದೇ ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ.ಎಂ.ಎ. ಪೈಗಳು ದೇಶದ ಮೊದಲ ಸ್ವ-ಹಣಕಾಸಿನ ಖಾಸಗಿ ಮೆಡಿಕಲ್ ಕಾಲೇಜು ತೆರೆದರು. ಬರಡು ಗುಡ್ಡದಲ್ಲಿ ಅವರು ಏನೆಲ್ಲ ಬೆಳೆಸಿದರು ಎಂಬುದನ್ನು ನಾನು ಹುಡುಗಿಗೆ ಹೆಮ್ಮೆಯಿಂದ ವಿವರಿಸಿದೆ. ಆ ಗುಡ್ಡ ಕಣ್ಣಿಗೆ ಕಾಣುವಷ್ಟು ಹತ್ತಿರ ಇರುವುದರಿಂದಲೇ ಸುತ್ತಲಿನ ಅಪ್ಪಂದಿರಿಗೆ ಮಗು ಹುಟ್ಟಿದ ಕೂಡಲೇ ಬಿಳಿ ಕೋಟು ಕಾಣತೊಡಗುತ್ತದೆ ಎಂಬುದನ್ನು ಹೇಳಲಿಲ್ಲ. ದೇಶದಲ್ಲಿ ನೀಟ್ ಬರೆಯುವವರು 20 ಲಕ್ಷದ ಮೇಲೆ, ಎಂಬಿಬಿಎಸ್ ಸೀಟು ಲಕ್ಷದ ಚಿಲ್ಲರೆ. ಬ್ಯಾಂಕಿನಲ್ಲಿ ಈ ಲೆಕ್ಕ ತಂದವನಿಗೆ ನಾನು ಸಾಲ ಕೊಡುತ್ತಿರಲಿಲ್ಲ.

ಊರವರಿಗೂ ಇವರಿಬ್ಬರ ವಿಷಯ ಗೊಂದಲವಾಗಿತ್ತು. ಜರ್ಮನ್ ಹುಡುಗಿ ಒಂದು ವರ್ಷ ಓದು ಬಿಟ್ಟಿದ್ದಾಳೆ ಎಂದಾಗ ಅಂಗಡಿಯವರು ದನಿ ತಗ್ಗಿಸಿ, "ಫೇಲಾ?" ಎಂದು ಕೇಳಿದರು. ಅಲ್ಲ, ಸುಮ್ಮನೆ ಲೋಕ ನೋಡಲಿಕ್ಕೆ ಎಂದೆ. "ಪಾಪ, ಹೇಳಲಿಕ್ಕೆ ನಾಚಿಕೆ ಇರಬಹುದು" ಎಂದು ಅವಳಿಗೆ ಒಂದು ಬಾಳೆಹಣ್ಣು ಹೆಚ್ಚಿಗೆ ಕೊಟ್ಟರು. ನನ್ನ ಮಗನಿಗೆ ಯಾರೂ ಏನೂ ಕೊಡಲಿಲ್ಲ. ಅವನು ಅಂಗಡಿಗೆ ಹೋಗುವುದನ್ನೇ ನಾನು ನಿಲ್ಲಿಸಿದ್ದೆ.

ಕಾರ್ಕಳದ ದಿನ ಬಿಸಿಲು ಜೋರಿತ್ತು. ಕಟಪಾಡಿಯಿಂದ ಶಂಕರಪುರ, ಶಿರ್ವ, ಬೆಳ್ಮಣ್ ಮೇಲೆ ಹೋಗುವ ಬಸ್ಸು. ಶಂಕರಪುರದಲ್ಲಿ ಮಲ್ಲಿಗೆ ಹತ್ತಿತು. ಅಲ್ಲಿ ಹೂವಿನ ಲೆಕ್ಕ ಚೆಂಡು, ಅಟ್ಟೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ, ರೇಟು ದಿನದಿನವೂ ಬೇರೆ. ಆವತ್ತು ಮದುವೆಗಳ ಮುಹೂರ್ತ. ರೇಟು ಕೇಳಿ ನನ್ನಾಕೆ ಒಂದು ಚೆಂಡು ಕೊಂಡಳು, ನಾನು ಕಿಟಕಿಯ ಹೊರಗೆ ನೋಡಿದೆ.

ಗೊಮ್ಮಟನ ಬೆಟ್ಟವನ್ನು ಈ ಸಲ ಹತ್ತಿದೆ, ಏಕೆಂದರೆ ನನ್ನಾಕೆ ಹಿಂದಿನಿಂದ ಬರುತ್ತಿದ್ದಳು. 42 ಅಡಿಯ ಮೂರ್ತಿ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು (ಆಪ್ಶನ್ ಬಿ). ಎಲ್ಲವನ್ನೂ ಬಿಟ್ಟು ನಿಂತವನ ಎದುರು ನಾನು ಉಸಿರು ಬಿಡುತ್ತಾ ಕೂತೆ. ಎದುರಿನ ಗುಡ್ಡದಲ್ಲಿ ಚತುರ್ಮುಖ ಬಸದಿ. ನನ್ನ ನಿಜವಾದ ಪರೀಕ್ಷೆ ಅಲ್ಲಿ. 1586ರಲ್ಲಿ ಅದನ್ನು ಕಟ್ಟಿದವರು ನಾಲ್ಕೂ ದಿಕ್ಕಿಗೆ ಒಂದೇ ತರದ ಬಾಗಿಲು ಇಟ್ಟಿದ್ದಾರೆ. ಯಾವ ಬಾಗಿಲಿಂದ ನೋಡಿದರೂ ಒಂದೇ ತರ ಮೂವರು ತೀರ್ಥಂಕರರು ನಿಂತಿರುತ್ತಾರೆ. ವಾಸ್ತುವಿನ ದೃಷ್ಟಿಯಿಂದ ಅದ್ಭುತ. ಚಪ್ಪಲಿ ಬಿಟ್ಟ ಬಾಗಿಲು ಯಾವುದೆಂದು ಮರೆತವನ ದೃಷ್ಟಿ ಬೇರೆ. ಒಳಗೆ ಒಂದು ಸುತ್ತು ಬಂದು ಹೊರಗೆ ಕಾಲಿಟ್ಟರೆ ಚಪ್ಪಲಿ ಇಲ್ಲ, ಕಾದ ಕಲ್ಲು ಮಾತ್ರ ಉಂಟು. ಹಾರುತ್ತಾ ಮುಂದಿನ ಬಾಗಿಲಿಗೆ ಹೋದೆ, ಅಲ್ಲೂ ಇಲ್ಲ. ಮೂರನೆಯದರ ಹೊತ್ತಿಗೆ ನನ್ನಾಕೆಯೂ ಕಾಣೆ. ಅವಳು ನನ್ನನ್ನು ಹುಡುಕುತ್ತಾ ನನಗಿಂತ ಒಂದು ಬಾಗಿಲು ಹಿಂದೆ ಸುತ್ತುತ್ತಿದ್ದಳಂತೆ. ಹುಡುಗಿ ನಡುವೆ ನಿಂತು ನಾಲ್ಕೂ ಕಡೆಯಿಂದ ಫೋಟೊ ತೆಗೆದಳು. ನಾಲ್ಕರಲ್ಲೂ ನಾನಿದ್ದೇನೆ, ಒಂದು ಕಾಲು ಮೇಲೆ.

ಆ ಫೋಟೊ ನೋಡಿ ಮಗ ನಕ್ಕದ್ದು ಕೋಣೆಯಿಂದ ಹೊರಗೆ ಕೇಳಿತು. ಅಮ್ಮ ಜಪ ನಿಲ್ಲಿಸಿ, "ಅವನನ್ನೂ ಕರ್ಕೊಂಡು ಹೋಗು. ಮಾಣಿ ಬಿಳಚಿದ್ದಾನೆ" ಎಂದರು. ಹಾಗೆ ನಮ್ಮೂರಿನ ಮೂಡು-ಪಡು ಜೋಡುಕರೆ ಕಂಬಳಕ್ಕೆ ಅವನಿಗೂ ಅಪ್ಪಣೆಯಾಯಿತು, ಒಂದು ಗಂಟೆಗೆ ಮಾತ್ರ. ಟ್ಯೂಷನ್ನಿನ ಫಿಸಿಕ್ಸ್ ಮಾಸ್ಟ್ರು ಮೇ ತಿಂಗಳವರೆಗೆ ಹಬ್ಬ, ಮದುವೆ, ಕಂಬಳ, ಆಟ ಎಲ್ಲ ಬಂದ್ ಎಂದು ಪೇರೆಂಟ್ಸ್ ಮೀಟಿಂಗಿನಲ್ಲಿ ನಮ್ಮಿಂದ ಸಹಿ ಹಾಕಿಸಿಕೊಂಡಿದ್ದರು. ಕನೆಹಲಗೆಯ ಸ್ಪರ್ಧೆ ನಡೆಯುತ್ತಿತ್ತು. ಅದರಲ್ಲಿ ಕೋಣಗಳ ವೇಗ ಮುಖ್ಯವಲ್ಲ, ಹಲಗೆಯ ತೂತಿನಿಂದ ನೀರು ಎಷ್ಟು ಎತ್ತರ ಚಿಮ್ಮುತ್ತದೆ, ಮೇಲೆ ಕಟ್ಟಿದ ನಿಶಾನೆಗೆ ತಾಗುತ್ತದೋ ಇಲ್ಲವೋ ಎಂಬುದು ಮುಖ್ಯ. ಜನ ಕೂಗಿದರು, ನೀರು ಹಾರಿತು, ನಾನು ತಲೆಯೆತ್ತಿದೆ. ನೀರಿನ ಆಚೆ ಚರುಮುರಿಯ ಪೊಟ್ಟಣ ಹಿಡಿದು ಮಾಸ್ಟ್ರು ನಿಂತಿದ್ದರು.

ನಾನು ಹುಡುಗಿಯ ಹಿಂದೆ ಅಡಗಿದೆ. ಅವರು ಒಬ್ಬ ಪೊಲೀಸಿನವರ ಹಿಂದೆ ಅಡಗಿದರು. ಸ್ವಲ್ಪ ಹೊತ್ತು ಕಳೆದು ಇಬ್ಬರೂ ಒಟ್ಟಿಗೆ ಹೊರಬಂದೆವು. "ಪ್ರೊಜೆಕ್ಟೈಲ್ ಮೋಶನ್, ಪ್ರತ್ಯಕ್ಷ ಪಾಠ" ಎಂದು ನೀರಿನ ಕಡೆ ಕೈತೋರಿಸಿದರು ಮಾಸ್ಟ್ರು. "ಅದಕ್ಕೇ ಕರ್ಕೊಂಡು ಬಂದದ್ದು ಸರ್" ಎಂದೆ ನಾನು. ಮಗ ಮತ್ತು ಹುಡುಗಿ ಬೆಳಗಿನ ಜಾವ ಮನೆಗೆ ಬಂದರು. ಮಾಸ್ಟ್ರು ಅಲ್ಲೇ ಇದ್ದರಂತೆ.

ಮೇ ತಿಂಗಳ ಮೊದಲ ಭಾನುವಾರ ಅವಳ ಮ್ಯಾಪಿನಲ್ಲಿ ಏನೂ ಗುರುತಿರಲಿಲ್ಲ. "ನಾನೂ ಬರುತ್ತೇನೆ" ಎಂದಳು. ಎಲ್ಲಿಗೆ? ನೀಟ್ ಸೆಂಟರಿಗೆ. ಹಾಗೆ ನಾವೆಲ್ಲ ಹೊರಟೆವು: ಅಮ್ಮ, ನನ್ನಾಕೆ, ಬುತ್ತಿಯ ಚೀಲ, ಕೊಡೆ, ನೀರಿನ ಬಾಟಲಿ. ಮಧ್ಯಾಹ್ನ ಒಂದೂವರೆಗೆ ಗೇಟು ಹಾಕಿದರು. ತುಂಬು ತೋಳಿನ ಅಂಗಿ ಇಲ್ಲ, ಶೂ ಇಲ್ಲ, ವಾಚಿಲ್ಲ. ಮಕ್ಕಳೆಲ್ಲ ಒಳಗೆ ಹೋದರು, ಅವರ ವಾಚು, ಪರ್ಸು, ಬೆಲ್ಟುಗಳನ್ನು ಹೊತ್ತ ಅಪ್ಪ-ಅಮ್ಮಂದಿರು ಹೊರಗೆ ಮರದಡಿ ಚಾಪೆ ಹಾಸಿದರು. ಜಿಲ್ಲೆಯಲ್ಲಿ ಅಷ್ಟು ದೊಡ್ಡ ಪಿಕ್‌ನಿಕ್ಕನ್ನು ಹುಡುಗಿ ಅದುವರೆಗೆ ನೋಡಿರಲಿಲ್ಲ.

"ಅವನು ಒಳಗೆ ಬರೆಯುತ್ತಾನೆ. ನೀವೆಲ್ಲ ಇಲ್ಲಿ ಏನು ಮಾಡುತ್ತೀರಿ?" ಎಂದು ಕೇಳಿದಳು.

ಆ ಪ್ರಶ್ನೆ ಪಕ್ಕದ ಚಾಪೆಯ ಅಪ್ಪನ ಕಿವಿಗೆ ಬಿತ್ತು. ಅವರು ಎದ್ದು ಬಂದು ಅವಳ ದೇಶ ವಿಚಾರಿಸಿದರು. ಜರ್ಮನಿ ಎಂದ ಕೂಡಲೇ ಸುತ್ತಲಿನ ಚಾಪೆಗಳೆಲ್ಲ ಸರಿದು ಹತ್ತಿರ ಬಂದವು. ಅಲ್ಲಿ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಫೀಸೇ ಇಲ್ಲವಂತೆ ಹೌದಾ? ಹೆಚ್ಚು ಕಡಿಮೆ ಹೌದು ಎಂದಳು. ಮೆಡಿಕಲ್ಲಿಗೂ? ಮೆಡಿಕಲ್ಲಿಗೂ. ಒಬ್ಬ ತಾಯಿ ಬುತ್ತಿ ಮುಚ್ಚಿಟ್ಟು ಪೆನ್ನು ತೆಗೆದರು. ವರ್ಷವಿಡೀ ಕೆಲಸವಿಲ್ಲದ ಗೈಡಾಗಿದ್ದ ನಾನು ಎದ್ದು ನಿಂತು, ಒಬ್ಬೊಬ್ಬರಾಗಿ ಕೇಳಿ ಎಂದು ಸಾಲು ಮಾಡಿಸಿದೆ. ಹಾಗಾದರೆ ಸೀಟು ಸುಲಭ ಅಲ್ಲವಾ?

ಇಲ್ಲ, ತುಂಬ ಕಷ್ಟ ಎಂದಳು ಹುಡುಗಿ. ಅವಳ ಅಕ್ಕನಿಗೆ ಸೀಟು ಸಿಗದೆ, ಆ್ಯಂಬುಲೆನ್ಸಿನಲ್ಲಿ ಕೆಲಸ ಮಾಡುತ್ತಾ ಮತ್ತೆ ಅರ್ಜಿ ಹಾಕಿ ಕಾಯುತ್ತಿದ್ದಾಳಂತೆ.

ಸಾಲು ಒಂದು ಕ್ಷಣ ಸ್ತಬ್ಧವಾಯಿತು. ಆಮೇಲೆ ಹಿಂದಿನಿಂದ ಯಾರೋ ಸಮಾಧಾನದಿಂದ, "ಲಾಂಗ್ ಟರ್ಮ್!" ಎಂದರು. ಎಲ್ಲರ ಮುಖವೂ ಬೆಳಗಿತು. ಅಮ್ಮ ಅರ್ಥವಾಗದಿದ್ದರೂ ತಲೆಯಾಡಿಸಿ, "ಬಾಲೆ, ಒಣಸ್ ಆಂಡಾ?" ಎಂದು ಅವಳ ಕೈಗೆ ಬುತ್ತಿಯ ಮುಚ್ಚಳದಲ್ಲಿ ಚಿತ್ರಾನ್ನ ಕೊಟ್ಟರು. ಅಕ್ಕನಿಗೆ ಎಷ್ಟು ಮಾರ್ಕು ಕಡಿಮೆಯಾಯಿತು, ಯಾವ ಕೋಚಿಂಗು, ಬಯಾಲಜಿ ವೀಕಾ ಫಿಸಿಕ್ಸ್ ವೀಕಾ ಎಂದು ಪ್ರಶ್ನೆಗಳು ಬಂದವು. ಒಬ್ಬರು ತಮ್ಮ ಮಗಳ ಹಳೇ ನೋಟ್ಸು ಜರ್ಮನಿಗೆ ಪಾರ್ಸೆಲ್ ಮಾಡುವ ಬಗ್ಗೆ ವಿಚಾರಿಸುತ್ತಿದ್ದರು, ಅಂಚೆ ಖರ್ಚು ಎಷ್ಟಾದೀತು ಎಂದು ನಾನು ಲೆಕ್ಕ ಹಾಕುತ್ತಿದ್ದೆ.

"ಅಪ್ಪಾ, ನಾನು ಬಂದು ಎಷ್ಟು ಹೊತ್ತಾಯಿತು. ವಾಚು ಕೊಡ್ತೀರಾ?" ಎಂದು ಯಾರೋ ಹಿಂದಿನಿಂದ ಅಂಗಿ ಎಳೆದರು.

"ಒಂದು ನಿಮಿಷ ಮಾರಾಯ, ಲೈನಿನಲ್ಲಿ ನಿಲ್ಲು" ಎಂದೆ.