ಹಂಚಿದಷ್ಟೂ ಬಿಸಿಯಾಗುವ ಫೋನು

ಹಾಟ್‌ಸ್ಪಾಟ್ ಎಂದರೆ ಒಬ್ಬರ ರೀಚಾರ್ಜಿನಲ್ಲಿ ನಾಲ್ವರು ಮಾತಾಡುವ ಏರ್ಪಾಡು. ಸಿಮ್ ಇರುವ ಫೋನು ತನ್ನ ಡೇಟಾವನ್ನು ವೈಫೈಯಾಗಿ ಹಂಚುತ್ತದೆ. ಪಕ್ಕದ ಫೋನು ಅದನ್ನು ಹಿಡಿದು ವಾಟ್ಸಾಪ್ ಕರೆ ಮಾಡುತ್ತದೆ. ನಾಸಿಕ್ ಜಿಲ್ಲೆಯ ಸಿನ್ನರ್‌ನ ಕೈಗಾರಿಕಾ ವಸಾಹತಿನ ಬಾಡಿಗೆ ಕೋಣೆಯಿಂದ ಕಲಬುರಗಿಯ ಮನೆಗೆ ಮಾತು ಹೀಗೂ ಹರಿದೀತು.

ಬರೀ ಮಾತಿಗೆ ಡೇಟಾ ಹೆಚ್ಚೇನೂ ಬೇಡ. ಹಳೆಯ ಜಿ.711 ವಿಧಾನದಲ್ಲಿ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್. ಹೋಗುವುದು, ಬರುವುದು ಸೇರಿ ನಿಮಿಷಕ್ಕೆ ಒಂದು ಎಂಬಿಗಿಂತ ತುಸು ಕಡಿಮೆ. ಈಗಿನ ಓಪಸ್ ಇನ್ನೂ ಜಿಪುಣ. ದಿನದ ಒಂದೂವರೆ ಜಿಬಿಯನ್ನು ನುಂಗುವುದು ಅತ್ತೆ-ಸೊಸೆ ಪುರಾಣವಲ್ಲ. "ಮಗೂ ಮುಖ ತೋರ್ಸು" ಎಂಬ ವಿಡಿಯೊ, ಜೊತೆಗೆ ಸದ್ದಿಲ್ಲದೆ ರೀಲ್ಸ್ ನೋಡುವ ರೂಮ್‌ಮೇಟು.

ಮಾತು 150 ಮಿಲಿಸೆಕೆಂಡಿನೊಳಗೆ ತಲುಪಿದರೆ ತಡ ಯಾರ ಗಮನಕ್ಕೂ ಬಾರದು. ಮೀರಿದರೆ ಇಬ್ಬರೂ ಒಟ್ಟಿಗೆ "ಹಲೋ" ಎಂದು, ಒಟ್ಟಿಗೇ ಸುಮ್ಮನಾಗುತ್ತಾರೆ. ಊರಿನವರಿಗೆ ಸಿನ್ನರ್‌ನ ಯಾದವರ ಕಾಲದ ಗೋಂದೇಶ್ವರ ಗುಡಿಯನ್ನು ವಿಡಿಯೊದಲ್ಲಿ ತೋರಿಸಹೊರಟರೆ ಶಿಖರ ಚೌಕ ಚೌಕವಾಗಿ ಒಡೆದು ನಿಲ್ಲುತ್ತದೆ. ಶಿಲ್ಪಿಯ ತಪ್ಪಿಲ್ಲ, ಸಿಗ್ನಲ್ಲಿನದು.

ಹಂಚುವ ಫೋನು ಕಾದು, ಬ್ಯಾಟರಿ ಬೇಗ ಇಳಿಯುವುದರಿಂದ ಚಾರ್ಜರ್ ಪಕ್ಕದಲ್ಲಿರಬೇಕು. ಅದಕ್ಕಿಂತ ಮುಖ್ಯ, ಫೋನಿನ ಯಜಮಾನ ಕೋಣೆಯಲ್ಲೇ ಇರಬೇಕು: ಆತ ಬೀಡಿ ತರಲು ಹೊರಬಿದ್ದರೆ ಕರೆಯೂ ಹಿಂದೆಯೇ ಎದ್ದು ಹೋಗುತ್ತದೆ.