ಅಲ್ಲಾಡುವ ಸೀಟಿನ ಮಾಲೀಕರಿಗೊಂದು ಕೈಪಿಡಿ

ಬಟನ್ ಒತ್ತಿದರೆ ಹಿಂದೆ ಮುಂದೆ ಸರಿಯುವ ಪವರ್ ಸೀಟಿನ ಹಳೇ ಕಾರು ಕೊಂಡಿದ್ದೀರಿ. ಅಭಿನಂದನೆಗಳು. ದಾವಣಗೆರೆ ಜಿಲ್ಲೆಯಲ್ಲಿ ಇಂಥ ಗಾಡಿಗೆ ಒಂದು ಗೊತ್ತಾದ ದಾರಿಯಿದೆ. ಅಡಿಕೆಗೆ ಒಳ್ಳೇ ರೇಟು ಸಿಕ್ಕ ವರ್ಷ ಚನ್ನಗಿರಿಯಲ್ಲಿ ಬಂದಿಳಿಯುತ್ತದೆ. ಯಜಮಾನರಿಗೆ ಹೊಸದರ ಮೇಲೆ ಮನಸ್ಸಾದಾಗ ಹೊನ್ನಾಳಿಯ ಭತ್ತದವರ ಮನೆಗೆ, ಅಲ್ಲಿಂದ ನ್ಯಾಮತಿಯ ಮೆಕ್ಕೆಜೋಳದವರ ಅಂಗಳಕ್ಕೆ, ಕೊನೆಗೆ ಮಳೆ ನಂಬಿದ ಜಗಳೂರಿಗೆ. ನಾಲ್ಕೂ ತಾಲ್ಲೂಕಿಗೆ ಕೆಎ 17 ಒಂದೇ ನಂಬರಾದ್ದರಿಂದ ಊರು ಬದಲಾದದ್ದು ಪ್ಲೇಟಿಗೆ ಗೊತ್ತಾಗುವುದಿಲ್ಲ. ಸೀಟಿಗೆ ಗೊತ್ತಾಗುತ್ತದೆ.

ಮೊದಲ ಕೆಲಸ, ಮನೆಯವರು ಕೇಳಿದಾಗೆಲ್ಲ ‘ರೋಡು ಸರಿಯಿಲ್ಲ’ ಎನ್ನುವುದನ್ನು ಬಿಡಿ. ರೋಡು ಸರಿಯಿಲ್ಲ, ನಿಜ. ಆದರೆ ಬ್ರೇಕ್ ಒತ್ತಿದಾಗ ನಿಮ್ಮ ಕೆಳಗೆ ‘ಟಕ್’ ಅನ್ನುವುದು ರೋಡಲ್ಲ. ಅದಕ್ಕೆ ಟವೆಲ್ ಮಡಿಸಿ ಇಡುವುದು, ದಿಂಬು ಒತ್ತರಿಸುವುದು, ಹುಷಾರಾಗಿ ಕೂರುವುದನ್ನು ಅಭ್ಯಾಸ ಮಾಡಿಕೊಳ್ಳುವುದು, ಈ ಮೂರೂ ರಿಪೇರಿಯ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಪರೀಕ್ಷೆ. ಗಾಡಿ ನಿಲ್ಲಿಸಿ, ಸೀಟಿನ ಮುಂದಿನ ಅಂಚು ಹಿಡಿದು ಜಗ್ಗಿ. ನೆಲಕ್ಕೆ ಕೂತ ಪಟ್ಟಿಯೇ ಮಿಸುಕಿದರೆ ಬೋಲ್ಟು ಸಡಿಲ. ಪಟ್ಟಿ ಗಟ್ಟಿಯಾಗಿದ್ದು ಮೇಲಿನ ಭಾಗ ಹಿಂದೆ ಮುಂದೆ ಆಡಿದರೆ, ಮೋಟರು ತಿರುಗಿಸುವ ಉದ್ದನೆಯ ಸ್ಕ್ರೂ ಅಥವಾ ಅದರ ನಟ್ಟು ಸವೆದಿರಬಹುದು. ಅಡ್ಡಡ್ಡ ಆಡಿದರೆ ಟ್ರ್ಯಾಕಿನ ಜಾರುಬಿಲ್ಲೆಗಳು ಸವೆದಿರುತ್ತವೆ. ಬರೀ ಬೆನ್ನಿನ ಭಾಗ ಆಡಿದರೆ ಒರಗಿಸುವ ಕೀಲು. ಇಷ್ಟು ನೋಡದೆ ಗ್ಯಾರೇಜಿಗೆ ಹೋದರೆ ‘ಯಜಮಾನ್ರೇ, ಮೋಟ್ರೇ ಹೋಗೈತಿ’ ಎಂಬ ತೀರ್ಪು ಸಿಗುತ್ತದೆ. ಬಟನ್ ಒತ್ತಿದಾಗ ಸೀಟು ಸರಾಗವಾಗಿ ಸರಿಯುತ್ತಿದ್ದರೆ ಮೋಟರು ಹೋಗಿಲ್ಲ. ಸರಿಯುವಾಗ ಸೀಟು ಸೊಟ್ಟಗಾದರೆ, ಒಂದೇ ಮೋಟರಿನಿಂದ ಎರಡೂ ಕಡೆಯ ಟ್ರ್ಯಾಕಿಗೆ ಶಕ್ತಿ ಸಾಗಿಸುವ ಕೇಬಲ್ಲಿನ ಒಂದು ತುದಿ ಜಾರಿದೆಯೇ ನೋಡಬೇಕು.

ಬೋಲ್ಟಿನ ಕೆಲಸಕ್ಕೆ ಬ್ಯಾಟರಿ ಕಳಚಬೇಕು ಎಂದು ಬಲ್ಲವರು ಹೇಳುತ್ತಾರೆ. ಸರಿಯೇ. ಆದರೆ ಈ ಬುದ್ಧಿಮಾತನ್ನು ಮೊದಲು ಪಾಲಿಸಿದವರು ಸಂಜೆಯವರೆಗೆ ಅಲ್ಲೇ ಕೂರುತ್ತಾರೆ, ಏಕೆಂದರೆ ಮುಂದಿನ ಎರಡು ಬೋಲ್ಟು ಕಾಣಲು ಸೀಟು ಪೂರಾ ಹಿಂದೆ, ಹಿಂದಿನ ಎರಡು ಕಾಣಲು ಪೂರಾ ಮುಂದೆ ಹೋಗಬೇಕು, ಕರೆಂಟಿಲ್ಲದ ಸೀಟು ಎಲ್ಲಿಗೂ ಹೋಗದು. ಸೀಟನ್ನು ಹಿಂದಕ್ಕೆ ಒಯ್ದು ಮುಂದಿನ ಎರಡು ಬಿಗಿಮಾಡಿ, ಮುಂದಕ್ಕೆ ತಂದು ಹಿಂದಿನ ಎರಡು ಬಿಗಿಮಾಡಿ. ಬರೀ ಬಿಗಿಸುವುದಾದರೆ ಬ್ಯಾಟರಿ ಗೊಡವೆಯೇ ಬೇಡ. ಸೀಟು ಹೊರಗೆ ಎತ್ತುವುದಾದರೆ ನಾಲ್ಕೂ ಬೋಲ್ಟು ಸಡಿಲಿಸಿದ ಮೇಲೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ತೆಗೆದು ಒಂದು ಟೀ ಕುಡಿದು ಬನ್ನಿ. ಪಕ್ಕದ ಏರ್‌ಬ್ಯಾಗಿರುವ ಸೀಟಾದರೆ ಅಡಿಯಲ್ಲಿ ಹಳದಿ ಕನೆಕ್ಟರು ಇರುತ್ತದೆ. ಏರ್‌ಬ್ಯಾಗಿನ ವ್ಯವಸ್ಥೆಯಲ್ಲಿ ಉಳಿದ ಕರೆಂಟು ಇಳಿಯಲು ಆ ಹೊತ್ತು ಬೇಕು.

ಟ್ರ್ಯಾಕಿನಲ್ಲಿ ಏನು ಸಿಗುತ್ತದೆ ಎಂಬುದು ಗಾಡಿಯ ಜಾತಕ. ಅಡಿಕೆ ಚೂರಿದ್ದರೆ ಮೊದಲ ಮಾಲೀಕರು, ಮೆಕ್ಕೆಜೋಳದ ಕಾಳಿದ್ದರೆ ಮೂರನೆಯವರು, ಎಣ್ಣೆ ಹೀರಿದ ಮಂಡಕ್ಕಿ ಇದ್ದರೆ ಎಲ್ಲರೂ. ಗುಡಿಸಿ ತೆಗೆದು ಬಿಳಿ ಲಿಥಿಯಂ ಗ್ರೀಸು ಹಚ್ಚಿ. ಅಡುಗೆ ಎಣ್ಣೆ ಬಿಟ್ಟರೆ ಧೂಳು ಸೇರಿ ತಿಂಗಳೊಪ್ಪತ್ತಿನಲ್ಲಿ ಅಂಟು ರಾಡಿಯಾಗುತ್ತದೆ.

ಬಿಗಿಮಾಡಲು ಎಷ್ಟು ಬಲ? ಸಾಮಾನ್ಯವಾಗಿ 40 ನ್ಯೂಟನ್ ಮೀಟರ್ ಆಸುಪಾಸು. ಖಚಿತ ಅಂಕಿ ಗಾಡಿಯ ಸರ್ವೀಸ್ ಪುಸ್ತಕದಲ್ಲಿದೆ. ಪಾನಾಕ್ಕೆ ಪೈಪು ಸಿಕ್ಕಿಸಿ ಅಳಿಯ ಮಾವ ಇಬ್ಬರೂ ಜೋತುಬೀಳಬೇಡಿ. ನೆಲದ ತಗಡಿಗೆ ಬೆಸೆದ ನಟ್ಟಿನ ಮರೆ ಕಿತ್ತುಬಂದರೆ ಕತೆ ಅಲ್ಲಿಗೆ ಮುಗಿಯಿತು.

ವೆಲ್ಡಿಂಗ್ ಹೊಡೆಸುವ ಸಲಹೆಯೂ ಬರುತ್ತದೆ, ಅದೂ ಪುಕ್ಕಟೆಯಾಗಿ. ಟ್ರ್ಯಾಕಿನ ಉಕ್ಕು ಆ ಕಾವಿಗೆ ತನ್ನ ಬಲ ಕಳೆದುಕೊಳ್ಳುತ್ತದೆ, ಸೀಟು ಒಂದೇ ಜಾಗದಲ್ಲಿ ಶಾಶ್ವತವಾಗಿ ಕೂರುತ್ತದೆ, ಐದಡಿಯ ಮಗಳೂ ಆರಡಿಯ ಅಪ್ಪನೂ ಒಂದೇ ಉದ್ದದ ಕಾಲು ಬೆಳೆಸಿಕೊಳ್ಳಬೇಕಾಗುತ್ತದೆ. ಟ್ರ್ಯಾಕು ಸವೆದಿದ್ದರೆ ಅದೇ ಮಾಡಲಿನ ಇಡೀ ಟ್ರ್ಯಾಕು ತಂದು ಹಾಕುವುದೇ ದಾರಿ. ಗುಜರಿಯಲ್ಲಿ ಸಿಕ್ಕರೂ ಜಗ್ಗಿ ನೋಡಿಯೇ ತನ್ನಿ.

ಇಷ್ಟೊಂದು ತಲೆನೋವು ಯಾಕೆ ಎಂದರೆ, ಎಷ್ಟೋ ಕಾರುಗಳಲ್ಲಿ ಬೆಲ್ಟಿನ ಬಕಲ್ಲು ಕೂತಿರುವುದು ಸೀಟಿನ ಚೌಕಟ್ಟಿಗೇ. ವಿಶ್ವಸಂಸ್ಥೆಯ 17ನೇ ವಾಹನ ನಿಯಮದ ಪರೀಕ್ಷೆಯಲ್ಲಿ ಸೀಟು ಮತ್ತದರ ಬುಡ ಗುರುತ್ವದ 20 ಪಟ್ಟು ಎಳೆತ ತಾಳಬೇಕು. 25 ಕೆಜಿ ತೂಗುವ ಸೀಟು ಆ ಗಳಿಗೆಗೆ ಐದು ಕ್ವಿಂಟಲ್ ಅಡಿಕೆಯಷ್ಟು ಭಾರ, ನಿಮ್ಮ ತೂಕ ಬೇರೆ. ತಡೆದು ನಿಲ್ಲಿಸುವುದು ಆ ನಾಲ್ಕು ಬೋಲ್ಟು.

ಕೊನೆಯದಾಗಿ, ಗಾಡಿಯನ್ನು ಮುಂದಿನ ತಾಲ್ಲೂಕಿಗೆ ದಾಟಿಸುವವರಲ್ಲಿ ಒಂದು ವಿನಂತಿ. ಸೀಟಿಗೆ ಹೊಸ ಕವರ್ ಹಾಕಿಸುವ ದುಡ್ಡಿನಲ್ಲಿ ಮೊದಲು ಬೋಲ್ಟು ಬಿಗಿಮಾಡಿಸಿ. ಅದೂ ಆಗದಿದ್ದರೆ, ಸೀಟು ಆಡುತ್ತದೆಂದು ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ.