ಗಲ್ಲಾ ಪಕ್ಕದ ಕಾಣಿಕೆ ಡಬ್ಬಿ

ನವಿ ಮುಂಬಯಿಯ ಖಾರಘರದ ಹೊಸ ಹೋಟೆಲುಗಳಲ್ಲಿ ಒಂದು ಮಸಾಲೆ ದೋಸೆ ತಿನ್ನಬೇಕಾದರೆ ಮೊದಲು ಅರ್ಧ ಗಂಟೆ ಸಪ್ಲಾಯರ್ ಕೆಲಸ ಮಾಡಬೇಕು. ಸಾಲಿನಲ್ಲಿ ನಿಂತು ಆರ್ಡರ್ ಒಪ್ಪಿಸಬೇಕು, ದುಡ್ಡು ಮೊದಲೇ ಕೊಡಬೇಕು, ಟೋಕನ್ ಹಿಡಿದು ದೋಸೆಕಲ್ಲಿನ ಎದುರು ಕಾಯಬೇಕು, ನಂಬರು ಕೂಗಿದ ಕೂಡಲೇ ಓಡಿಹೋಗಿ ಟ್ರೇ ಎತ್ತಬೇಕು. ಚಮಚ ನಾವೇ, ನೀರು ನಾವೇ, ಎರಡನೇ ಸಲದ ಚಟ್ನಿಯೂ ನಾವೇ. ತಿಂದ ಮೇಲೆ ತಟ್ಟೆಯನ್ನು ಮೂಲೆಯ ಟಬ್ಬಿಗೆ ಹಾಕುವವರೂ ನಾವೇ. ಇಷ್ಟು ದುಡಿದವನಿಗೆ ಯಾರಾದರೂ ಕರೆದು ಹತ್ತು ರೂಪಾಯಿ ಕೊಟ್ಟರೆ ನ್ಯಾಯ. ಇಲ್ಲಿ ನೋಡಿದರೆ ಗಲ್ಲಾದ ಪಕ್ಕದಲ್ಲಿ ಡಬ್ಬಿ ಇಟ್ಟು ನನ್ನ ಹತ್ತಿರವೇ ಟಿಪ್ಸ್ ಕೇಳುತ್ತಾರೆ!

ಮನೆ ಹತ್ತಿರದ ಹೋಟೆಲಿನ ಆ ಡಬ್ಬಿಯನ್ನು ಸಾಲಿನಲ್ಲಿ ನಿಂತು ನೋಡಿ ನೋಡಿ ನನಗೆ ಬಾಯಿಪಾಠವಾಗಿದೆ. ಪೂರ್ವಾಶ್ರಮದಲ್ಲಿ ಅದು ಖಾರಿ ಬಿಸ್ಕೀಟಿನ ಡಬ್ಬಿ. ಕೆಂಪು ಮುಚ್ಚಳದ ನಡುವೆ ಕಾಸಿದ ಚೂರಿಯಿಂದ ಕೊರೆದ ಸೀಳು. ಅಂಚು ಕರಗಿ ಕಪ್ಪಾಗಿ ಮುದುಡಿದೆ. ಹೊರಗೆ ‘ಟಿಪ್ಸ್’ ಎಂಬ ಚೀಟಿ, ಅದರ ಮೇಲೊಂದು ನಗುವ ಮುಖ. ಗಲ್ಲಾದವರ ಪಾಲಿನ ನಗುವನ್ನೂ ಅದೇ ನಗುತ್ತದೆ. ಒಳಗೆ ತಳದಲ್ಲಿ ಬೆರಳೆಣಿಕೆಯ ನಾಣ್ಯ, ಮೇಲೆ ನೂರರ ಒಂದು ನೋಟು, ಗಾಂಧೀಜಿ ಗಿರಾಕಿಯನ್ನೇ ನೋಡುವಂತೆ. ನೋಟಿನ ಮೂಲೆಯಲ್ಲಿ ಯಾರೋ ನೀಲಿ ಇಂಕಿನಲ್ಲಿ ಕೂಡಿಸುವ ಲೆಕ್ಕ ಮಾಡಿದ್ದಾರೆ. ಹೋದ ತಿಂಗಳೂ ಅದೇ ನೋಟು, ಅದೇ ಲೆಕ್ಕ.

ನಮ್ಮ ಕಟ್ಟಡದ ಶೆಟ್ರು ಹೋಟೆಲ್ ಮಾರಿ ಆರಾಮಾಗಿರುವವರು. ಸಂಜೆ ಸೆಂಟ್ರಲ್ ಪಾರ್ಕಿನಲ್ಲಿ ನಡೆಯುವಾಗ ಈ ನೋಟಿನ ಸುದ್ದಿ ತೆಗೆದೆ.

“ಅದು ಗಿರಾಕಿ ಹಾಕಿದ್ದಲ್ಲ ಮಾರಾಯ್ರೆ, ಧಣಿಗಳೇ ಹಾಕಿದ್ದು. ಖಾಲಿ ಡಬ್ಬಿಗೆ ಯಾರೂ ಹಾಕುದಿಲ್ಲ. ಒಳಗೆ ನೂರು ಕಂಡ್ರೆ ನಾಚಿಕೆಗಾದ್ರೂ ಹತ್ತು ಬೀಳ್ತದೆ.”

ಮೂವತ್ತು ವರ್ಷ ಗಲ್ಲಾದಲ್ಲಿ ಕೂತವರ ಅರ್ಥಶಾಸ್ತ್ರದ ಮುಂದೆ ನನ್ನ ಬಿ.ಕಾಂ. ಬಾಯಿ ಮುಚ್ಚಿಕೊಂಡಿತು.

ದುಡ್ಡು ಮೊದಲು ಕೊಡುವುದರ ಬಗ್ಗೆ ನನ್ನ ತಕರಾರಿಲ್ಲ. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲೂ ಕೂಪನ್ ಮೊದಲು, ಊಟ ಆಮೇಲೆ. ಆದರೆ ಎಲೆಯ ಮುಂದೆ ಕೂತ ಮೇಲೆ ನಾವು ಏಳಬೇಕಾಗಿಲ್ಲ. ಸಾರು, ಪಲ್ಯ, ಮಜ್ಜಿಗೆ ಎಲ್ಲ ಬಕೆಟ್ಟಿನಲ್ಲಿ ನಡೆದುಬರುತ್ತವೆ. ಮುಂಬಯಿಯ ಉಳಿದ ಉಡುಪಿ ಹೋಟೆಲುಗಳಲ್ಲಿ ಬಿಲ್ಲು ಪುಟ್ಟ ಸ್ಟೀಲ್ ತಟ್ಟೆಯಲ್ಲಿ ಬಡೇಸೋಪಿನ ಜೊತೆ ಬರುತ್ತಿತ್ತು. ನಲವತ್ತೇಳರ ಬಿಲ್ಲಿಗೆ ಐವತ್ತರ ನೋಟಿಟ್ಟರೆ ಮೂರು ರೂಪಾಯಿ ಸೋಪಿನೊಳಗೆ ಅರ್ಧ ಹೂತುಕೊಂಡು ವಾಪಸು ಬರುತ್ತಿತ್ತು. ಸೋಪು ಕೆದಕಿ ನಾಣ್ಯ ಹೆಕ್ಕಲು ಮರ್ಯಾದಸ್ಥರಿಗೆ ಆಗುತ್ತಿರಲಿಲ್ಲ. ನುರಿತ ಸಪ್ಲಾಯರ್ ಹತ್ತು ರೂಪಾಯಿ ಚಿಲ್ಲರೆಯನ್ನು ಒಂದೇ ನೋಟಾಗಿ ಎಂದೂ ತರುತ್ತಿರಲಿಲ್ಲ. ಗಲ್ಲಾದಲ್ಲಿ ಒಡೆಸಿ, ಐದು, ಎರಡು, ಎರಡು, ಒಂದು ಎಂದು ಹರಡಿಕೊಂಡು ತರುತ್ತಿದ್ದ. ಹಗಲು ಹೀಗೆ ದುಡಿದು ರಾತ್ರಿ ಫೋರ್ಟಿನ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಓದಿದ ಹುಡುಗರಿಗೆ ಆ ಚಿಲ್ಲರೆಯೇ ಪುಸ್ತಕ, ಅದೇ ಪೆನ್ಸಿಲು. ಅವರಲ್ಲಿ ಎಷ್ಟೋ ಜನ ಮುಂದೆ ಸ್ವಂತ ಹೋಟೆಲಿನ ಗಲ್ಲಾಕ್ಕೇ ಬಂದು ಕೂತರು. ನಮ್ಮ ಶೆಟ್ರೂ ಆ ಬೆಂಚಿನವರೇ.

ಈಗ ಚಿಲ್ಲರೆಯೇ ಇಲ್ಲ. ಯುಪಿಐ ಬಂದು ನಲವತ್ತೇಳು ಎಂದರೆ ನಲವತ್ತೇಳೇ ಹೋಗುತ್ತದೆ. ಮರ್ಯಾದೆಗೆ ಬಿಟ್ಟುಬರಲು ಮೂರು ರೂಪಾಯಿ ಉಳಿಯುವುದೇ ಇಲ್ಲ. ಅದಕ್ಕೂ ಉಪಾಯ ಹುಡುಕಿದ್ದಾರೆ, ಡಬ್ಬಿಯ ಹೊಟ್ಟೆಗೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಒಮ್ಮೆ ಐದು ರೂಪಾಯಿ ಹಾಕಿಯೇ ಬಿಡೋಣವೆಂದು ಸ್ಕ್ಯಾನ್ ಮಾಡಿದೆ. ಗಲ್ಲಾದ ಸೌಂಡ್‌ಬಾಕ್ಸ್ ಇಡೀ ಹೋಟೆಲಿಗೆ ಕೇಳುವಂತೆ “ಪಾಂಚ್ ರುಪಯೇ ಪ್ರಾಪ್ತ ಹುಯೇ” ಎಂದು ಕೂಗಿತು. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಫೋನಿನಿಂದ ತಲೆಯೆತ್ತಿ ನನ್ನನ್ನು ನೋಡಿದಳು. ಸೋಪಿನ ಕೆಳಗಿನ ಗುಪ್ತದಾನಕ್ಕೂ ಈ ಡಂಗುರಕ್ಕೂ ಎಲ್ಲಿಂದೆಲ್ಲಿಗೆ?

ನಿಂತು ತಿನ್ನುವ ಹೋಟೆಲ್ ನಮ್ಮವರಿಗೆ ಹೊಸದೇನಲ್ಲ. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಆರ್. ಪ್ರಭಾಕರ್ ಅವರ ಯೋಚನೆಯಲ್ಲಿ ಕೆಫೆ ದರ್ಶಿನಿ ಶುರುವಾದಾಗ ಒಪ್ಪಂದ ಚೊಕ್ಕವಾಗಿತ್ತು: ಕುರ್ಚಿ ಇಲ್ಲ, ಸಪ್ಲಾಯರ್ ಇಲ್ಲ, ಆದ್ದರಿಂದ ರೇಟು ಕಡಿಮೆ. ಖಾರಘರದಲ್ಲಿ ಒಪ್ಪಂದದ ಮೊದಲ ಎರಡು ಕಲಮು ಉಳಿದುಕೊಂಡಿವೆ. ಮೂರನೆಯದರ ಬಗ್ಗೆ ಕೇಳಿದರೆ ಶೆಟ್ರು, “ಅಂಗಡಿ ಬಾಡಿಗೆ ಗೊತ್ತುಂಟಾ ನಿಮ್ಗೆ?” ಎನ್ನುತ್ತಾರೆ. ಸರಕಾರ ಬೇರೆ ಇದನ್ನು ‘ಸೇವೆ’ ಎಂದೇ ಲೆಕ್ಕ ಹಿಡಿದು ನೂರಕ್ಕೆ ಐದು ಜಿಎಸ್‌ಟಿ ವಸೂಲು ಮಾಡುತ್ತದೆ. ಸೇವೆ ಮಾಡಿದ್ದು ನಾನು, ತೆರಿಗೆ ಕಟ್ಟಿದ್ದೂ ನಾನು.

ಒಂದು ಸಮಾಧಾನವಿದೆ. ಬಿಲ್ಲಿಗೆ ತಾನೇ ತಾನಾಗಿ ಸೇವಾ ಶುಲ್ಕ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು. ಹೋಟೆಲಿನವರ ಸಂಘಗಳು ಕೋರ್ಟು ಹತ್ತಿದರೂ ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನೇ ಎತ್ತಿಹಿಡಿಯಿತು. ಕೊಡುವುದು ಬಿಡುವುದು ಗಿರಾಕಿಯ ಮರ್ಜಿ. ಡಬ್ಬಿ ಈ ಕಾನೂನನ್ನು ಅಕ್ಷರಶಃ ಪಾಲಿಸುತ್ತದೆ. ಅದು ಯಾರನ್ನೂ ಒತ್ತಾಯಿಸುವುದಿಲ್ಲ, ಒತ್ತಾಯಿಸುವುದೆಲ್ಲ ಸಾಲಿನಲ್ಲಿ ಹಿಂದೆ ನಿಂತವರ ಕಣ್ಣು.

ಈ ಡಬ್ಬಿ ಬೆಳೆದ ಅಮೆರಿಕದ ಕಥೆ ಬೇರೆ. ಅಲ್ಲಿ ಟಿಪ್ಸ್ ಸಿಗುವ ಕೆಲಸಕ್ಕೆ ಕೇಂದ್ರ ಕಾನೂನಿನ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಕದಲಿಲ್ಲ. ಉಳಿದ ಸಂಬಳ ಬಹುಪಾಲು ಗಿರಾಕಿಯ ಜೇಬಿನಿಂದಲೇ ಬರುತ್ತದೆ. ಆ ರೋಗವಿಲ್ಲದ ಊರಿಗೆ ಅದರ ಔಷಧಿಯ ಬಾಟ್ಲಿ ಮಾತ್ರ ಬಂದಿದೆ ಎಂದು ಒಂದು ಭಾಷಣ ಬಿಗಿದೆ. ನನ್ನ ಹೆಂಡತಿ ಒಪ್ಪಲಿಲ್ಲ. “ಹತ್ತು ರೂಪಾಯಿಗೆ ಇಷ್ಟು ಮಾತಾಡ್ತೀರಲ್ಲ, ದೇವಸ್ಥಾನದಲ್ಲಿ ಹಾಕಲ್ವಾ?” ಎಂದಳು.

ದೇವಸ್ಥಾನದ ಮಾತು ಬಂದದ್ದು ಒಳ್ಳೆಯದೇ ಆಯಿತು. ಅಲ್ಲಿ ಲೆಕ್ಕ ಖಚಿತ: ಮಂಗಳಾರತಿ ತಟ್ಟೆಗೆ ಹಾಕಿದ್ದು ಭಟ್ಟರಿಗೆ, ಕಾಣಿಕೆ ಡಬ್ಬಿಗೆ ಹಾಕಿದ್ದು ಆಡಳಿತ ಮಂಡಳಿಗೆ. ಸೋಪಿನ ತಟ್ಟೆ ಮಂಗಳಾರತಿ ತಟ್ಟೆ. ಗಲ್ಲಾದ ಡಬ್ಬಿ ಯಾವುದು? ಬೀಗದ ಕೈ ಯಾರ ಹತ್ತಿರ? ಬ್ರಿಟನ್ನಿನಲ್ಲಿ ಟಿಪ್ಸ್ ಪೂರ್ತಿ ಕೆಲಸಗಾರರಿಗೇ ಸೇರಬೇಕೆಂಬ ಕಾನೂನು 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಅಂದಮೇಲೆ ಅಲ್ಲೂ ಯಾರೋ ನನ್ನಂಥವನು ಸಾಲಿನಲ್ಲಿ ನಿಂತು ಡಬ್ಬಿಯನ್ನು ದಿಟ್ಟಿಸಿರಬೇಕು.

ನನ್ನ ಕೈ ಬಿಗಿ ಎಂದು ತಿಳಿಯಬೇಡಿ. ಗಾಜಿನ ಆಚೆ ದೋಸೆ ಹುಯ್ಯುವವನಿಗೆ ಕೊಡಲು ನನಗೆ ಪೂರ್ತಿ ಮನಸ್ಸಿದೆ. ಒಡಿಶಾದ ಹುಡುಗ, ಕಲ್ಲಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಒರೆಸಿ, ಒಂದೇ ಉಸಿರಿಗೆ ಆರು ದೋಸೆ ಎಳೆಯುತ್ತಾನೆ, ನಮ್ಮ ಕುಂದಾಪುರದ ಭಟ್ಟರು ನೋಡಿದರೂ ತಲೆದೂಗಬೇಕು. ಅದಕ್ಕಿಂತ ಹೆಚ್ಚು, ಮೂಲೆಯ ಟಬ್ಬಿನ ಪಕ್ಕ ನಿಂತಿರುವವನಿಗೆ ಕೊಡಬೇಕು. ನಾವು ನಾಗರಿಕರೆಂದು ತಟ್ಟೆ ತಂದು ಹಾಕುತ್ತೇವೆ, ಸಾಂಬಾರಿನಲ್ಲಿ ಮುಳುಗಿದ ಟಿಶ್ಯೂ, ಅರ್ಧ ವಡೆ, ಚಮಚ ಎಲ್ಲ ಸಮೇತ. ಅವನು ಕೈಹಾಕಿ ಒಂದೊಂದಾಗಿ ಬೇರ್ಪಡಿಸುತ್ತಾನೆ. ಅವನ ಕಡೆ ಯಾವ ಡಬ್ಬಿಯೂ ನಗುವುದಿಲ್ಲ.

ಹಾಗಾಗಿ ಮೊನ್ನೆ ಜನ ಕಡಿಮೆಯಿದ್ದ ಹೊತ್ತು ನೋಡಿ ಗಲ್ಲಾದವರಿಗೆ ಸಲಹೆ ಕೊಟ್ಟೆ. “ಡಬ್ಬಿಯನ್ನ ಆ ಟಬ್ಬಿನ ಹತ್ತಿರ ಇಡಿ. ತಿಂದ ಮೇಲೆ, ಖುಷಿಯಾದವರು ಹಾಕ್ತಾರೆ.”

ಅವರು ಅತ್ತ ನೋಡಿದರು, ಡಬ್ಬಿಯನ್ನು ನೋಡಿದರು. “ಅಲ್ಲಿ ಕ್ಯಾಮೆರಾ ಇಲ್ಲ ಸರ್. ಇಟ್ರೆ ಹುಡುಗ್ರು ತೆಗೆದುಕೊಳ್ತಾರೆ.”

“ಟಿಪ್ಸ್ ಹುಡುಗ್ರಿಗೇ ಅಲ್ವಾ?”

“ಹೌದು ಹೌದು, ಹುಡುಗ್ರಿಗೇ” ಎಂದರು. ಆಮೇಲೆ ನೂರರ ನೋಟನ್ನು ತೆಗೆದು ಷರ್ಟಿನ ಜೇಬಿಗೆ ಹಾಕಿಕೊಂಡು, ಉಳಿದ ಚಿಲ್ಲರೆ ಸಮೇತ ಡಬ್ಬಿಯನ್ನು ನನ್ನ ಟ್ರೇಯ ಮೇಲಿಟ್ಟರು. “ಹೇಗೂ ಆ ಕಡೆ ಹೋಗ್ತೀರಲ್ಲ, ನೀವೇ ಇಟ್ಟುಬಿಡಿ.”